ಹೂರಣ ರೆಡಿ, ಪಂಕ್ತಿ ಇನ್ನೂ ಕೂತಿಲ್ಲ

ಕುಮಟಾದಿಂದ ಸೆಕೆಂಡ್ ಪಿಯುಸಿ ಓದೋ ಹುಡುಗಿ ಬರೆದಿದ್ದಾಳೆ: "ಸರ್, ಜೀನ್ ಆನ್ ಆಗ್ತದೆ, ಆರ್‌ಎನ್‌ಎ ಬರ್ತದೆ, ಪ್ರೋಟೀನ್ ಆಗ್ತದೆ ಅಂತ ಪುಸ್ತಕದಲ್ಲಿ ಎರಡು ಬಾಣ ಹಾಕಿ ಮುಗಿಸಿದ್ದಾರೆ. ಆರ್‌ಎನ್‌ಎ ಬಂದ್ಮೇಲೆ ಜೀವಕೋಶಕ್ಕೆ ಅದರ ಮೇಲೆ ಹಿಡಿತ ಇಲ್ವಾ? ಇನ್ನೊಂದು, ಅಮ್ಮಂಗೆ ಸುಸ್ತು ಅಂತ ರಕ್ತ ಪರೀಕ್ಷೆ ಮಾಡಿಸಿದ್ರೆ ಫೆರಿಟಿನ್ ಕಡಿಮೆ ಅಂತ ಬಂತು, ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ. ಫೆರಿಟಿನ್ ಅಂದ್ರೇನು?"

ತಂಗಿ, ನಿನ್ನ ಎರಡೂ ಪ್ರಶ್ನೆಗೆ ಉತ್ತರ ಒಂದೇ ಕಡೆ ಇದೆ, ಪತ್ರ ಓದಿ ಅದಕ್ಕೇ ಅಷ್ಟು ಖುಷಿ ಆಯ್ತು ನಂಗೆ.

ಹಿಡಿತ ಇದೆ, ಭಾರೀ ಇದೆ. ಆರ್‌ಎನ್‌ಎ ಅಂದ್ರೆ ಜೀನ್‌ನ ಪ್ರತಿ, ಅದನ್ನ ಓದಿಯೇ ಕೋಶ ಪ್ರೋಟೀನ್ ಮಾಡೋದು. ನಮ್ ಕಡೆ ಮದುವೆ ಮನೇಲಿ ನೋಡಿದ್ದೀಯಲ್ಲ, ಹೋಳಿಗೆ ಹೂರಣ ರೆಡಿ ಇರ್ತದೆ, ಕಣಕ ನಾದಿ ಇಟ್ಟಿರ್ತಾರೆ, ಆದ್ರೂ ಪಂಕ್ತಿ ಕೂರೋ ಹೊತ್ತಾಗದೆ ಅಡುಗೆ ಭಟ್ಟರು ಬೇಯಿಸೋಕೆ ಬಿಡೋದಿಲ್ಲ. ಫೆರಿಟಿನ್ ಕಥೆ ಹೀಗೇ. ಕಬ್ಬಿಣ ಮೈಗೆ ಬೇಕೇ ಬೇಕು, ಆದ್ರೆ ಕೋಶದೊಳಗೆ ಬಿಡಿಬಿಡಿಯಾಗಿ ಓಡಾಡಿದ್ರೆ ಹಾನಿ, ಹಾಗಾಗಿ ಅದನ್ನ ತುಂಬಿಡೋ ಡಬ್ಬಿಯೇ ಫೆರಿಟಿನ್, 24 ತುಂಡು ಸೇರಿ ಆದದ್ದು, ಒಂದರಲ್ಲಿ 4,500ರ ತನಕ ಕಬ್ಬಿಣದ ಪರಮಾಣು ಹಿಡಿಸ್ತದೆ. ಈ ಡಬ್ಬಿಯ ಆರ್‌ಎನ್‌ಎ ಮೊದಲೇ ಬಂದು ಕಾಯ್ತಾ ಇರ್ತದೆ. ಕಬ್ಬಿಣ ಕಡಿಮೆ ಇದ್ದಾಗ ಒಂದು ಕಾವಲು ಪ್ರೋಟೀನ್ ಅದರ ತಲೆ ಹತ್ರ, ಅಂದ್ರೆ ಓದು ಶುರುವಾಗೋ ತುದಿ ಹತ್ರ, ಹೇರ್‌ಪಿನ್ ಥರ ಮಡಚಿಕೊಂಡ ಜಾಗ ಹಿಡ್ಕೊಂಡು ಬಿಡ್ತದೆ, ಪ್ರೋಟೀನ್ ಕಟ್ಟೋ ಯಂತ್ರ ರೈಬೋಸೋಮ್‌ಗೆ ಹತ್ತೋಕೆ ದಾರಿಯೇ ಇಲ್ಲ. ನೀನು ಅಘನಾಶಿನಿ ಚಿಪ್ಪಿ ಸುಕ್ಕ ಉಂಡೆ, ಕಬ್ಬಿಣ ಒಳಗೆ ಬಂತು ಅನ್ನು, ಕಾವಲು ಕೈಬಿಡ್ತದೆ, ಡಬ್ಬಿ ತಯಾರಿ ಶುರು. ಜೀನ್ ತನಕ ಹೋಗಿ ಹೊಸ ಪ್ರತಿ ತರೋ ಕೆಲಸವೇ ಇಲ್ಲ.

ಇನ್ನೂ ಚಂದದ್ದು ಮುಂದೆ ಇದೆ. ಕಬ್ಬಿಣ ಒಳಗೆ ತರೋ ಬಾಗಿಲಿನ ಪ್ರೋಟೀನ್ ಬೇರೆ, ಅದರ ಆರ್‌ಎನ್‌ಎಗೆ ಇದೇ ಕಾವಲು ಬಾಲದ ಹತ್ರ ಕೂರ್ತದೆ, ಅಲ್ಲಿ ಕೂತ್ರೆ ತಡೆಯೋದಲ್ಲ, ಕತ್ತರಿ ಬೀಳದ ಹಾಗೆ ಕಾಯೋದು! ಕಬ್ಬಿಣ ಸಾಕಾದಾಗ ಕಾವಲು ಏಳ್ತದೆ, ಆ ಆರ್‌ಎನ್‌ಎ ಚೂರಾಗ್ತದೆ, ಬಾಗಿಲು ಕಮ್ಮಿ ಆಗ್ತದೆ. ಕಾವಲುಗಾರ ಒಬ್ಬನೇ, ಕೂತ ಜಾಗದ ಮೇಲೆ ಕೆಲಸ.

ಪ್ರೋಟೀನ್ ಮಾತ್ರ ಅಲ್ಲ, ಪುಟ್ಟ ಆರ್‌ಎನ್‌ಎಗಳೂ ಈ ಕೆಲಸ ಮಾಡ್ತವೆ. 1993ರಲ್ಲಿ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕುನ್ ಅನ್ನೋ ಇಬ್ಬರು ವಿಜ್ಞಾನಿಗಳು ಒಂದು ಮಿಲಿಮೀಟರ್ ಹುಳದಲ್ಲಿ ಕಂಡಿದ್ದು ಸುಮಾರು 22 ಅಕ್ಷರದ ಮೈಕ್ರೋಆರ್‌ಎನ್‌ಎ, ಅದು ಬೇರೆ ಆರ್‌ಎನ್‌ಎಯ ಬಾಲಕ್ಕೆ ಅಂಟಿ ಪ್ರೋಟೀನ್ ಆಗೋದನ್ನ ತಗ್ಗಿಸ್ತದೆ, ಹುಳದ ವಿಷಯ ಅಂತ ಹೆಚ್ಚಿನವ್ರು ಸುಮ್ನಿದ್ರು, 2000ದಲ್ಲಿ ಅಂಥದ್ದೇ ಇನ್ನೊಂದು ಮನುಷ್ಯರಲ್ಲೂ ಸಿಕ್ತು, ನೊಬೆಲ್ ಬಂದಿದ್ದು 2024ರಲ್ಲಿ.

ಈಗ ಅಮ್ಮನ ರಿಪೋರ್ಟ್. ಫೆರಿಟಿನ್ ಕಡಿಮೆ ಅಂದ್ರೆ ಮೈಯಲ್ಲಿ ಕಬ್ಬಿಣದ ದಾಸ್ತಾನು ಖಾಲಿ ಆಗ್ತಿದೆ, ಕಾವಲು ಪ್ರೋಟೀನ್ ಫೆರಿಟಿನ್ ಆರ್‌ಎನ್‌ಎಯ ತಲೆ ಹಿಡ್ಕೊಂಡೇ ಕೂತಿದೆ. ಮಾತ್ರೆ ತಪ್ಪಿಸೋದು ಬೇಡ, ಯಾಕೆ ಕಡಿಮೆ ಆಯ್ತು ಅಂತಾನೂ ಡಾಕ್ಟರ್ ಹತ್ರ ಕೇಳಿ. ಊಟ ಆದ ಕೂಡ್ಲೇ ಚಾ ಕುಡಿಯೋ ಅಭ್ಯಾಸ ಇದ್ರೆ ಒಂದೆರಡು ತಾಸು ಮುಂದೆ ಹಾಕೋಕೆ ಹೇಳು, ಚಾ ಕಬ್ಬಿಣ ಹೀರೋದನ್ನ ತಡೀತದೆ.