ಕಾಂಪ್‌ಟಿಯಾ ಎ ಪ್ಲಸ್ ಪರೀಕ್ಷೆಗೆ ಹೇಗೆ ಓದಬೇಕು?
ಎ ಪ್ಲಸ್ ಅಂದರೆ ಕಂಪ್ಯೂಟರ್ ದುರಸ್ತಿ, ತಾಂತ್ರಿಕ ನೆರವಿನ ಕೆಲಸಕ್ಕೆ ಕಾಂಪ್‌ಟಿಯಾ ಸಂಸ್ಥೆ ಕೊಡುವ ಸರ್ಟಿಫಿಕೇಟ್. ಅದಕ್ಕೆ ಎರಡು ಪರೀಕ್ಷೆ: ಕೋರ್ 1, ಕೋರ್ 2. ಎರಡೂ ಒಂದೇ ಸರಣಿಯವಾಗಿರಬೇಕು. 220-1101 (ಹಳೆಯ ಸರಣಿಯ ಕೋರ್ 1) ಪಾಸಾಗಿ 220-1202 (ಹೊಸ ಸರಣಿಯ ಕೋರ್ 2) ಬರೆದರೆ ಸರ್ಟಿಫಿಕೇಟ್ ಸಿಗದು. ತಲಾ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. ಪಾಸಾಗಲು 900ಕ್ಕೆ ಕ್ರಮವಾಗಿ 675, 700 ಬೇಕು.

ಪೋರ್ಟ್ ನಂಬರ್‌ಗಳನ್ನು (ನೆಟ್‌ವರ್ಕ್‌ನಲ್ಲಿ ಒಂದೊಂದು ಸೇವೆಗೆ ಇರುವ ಸಂಖ್ಯೆ) ಉರುಹೊಡೆಯದೆ ಗತಿಯಿಲ್ಲ: ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ 22, ರಿಮೋಟ್ ಡೆಸ್ಕ್‌ಟಾಪ್ 3389. ಲೇಸರ್ ಪ್ರಿಂಟರ್ ಮಾತ್ರ ಹಾಗಲ್ಲ, ಅದರ ಒಳಗಿನ ಕೆಲಸ ಅರ್ಥವಾಗಬೇಕು. ಬೆರಳಲ್ಲಿ ಉಜ್ಜಿದರೆ ಅಕ್ಷರ ಅಳಿಸುತ್ತದೆಯೇ? ಶಾಯಿಪುಡಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸುವ ಫ್ಯೂಸರ್ ಸಾಕಷ್ಟು ಬಿಸಿಯಾಗುತ್ತಿಲ್ಲ. ಒಂದೇ ಕಲೆ ಸಮ ಅಂತರದಲ್ಲಿ ಮತ್ತೆ ಮತ್ತೆ ಬಿದ್ದರೆ ಅಕ್ಷರ ಮೂಡಿಸುವ ಡ್ರಮ್ಮೋ ರೋಲರ್ರೋ ಗೀರಿರುತ್ತದೆ, ಏಕೆಂದರೆ ಪ್ರತಿ ಸುತ್ತಿಗೂ ಆ ಗೀರು ಕಾಗದ ಮುಟ್ಟುತ್ತದೆ.

ಸಾಮಾನ್ಯವಾಗಿ ಆರಂಭದಲ್ಲೇ ಬರುವ ಪ್ರಾಯೋಗಿಕ ಪ್ರಶ್ನೆಗಳು ಸಮಯ ನುಂಗುತ್ತವೆ. ಫ್ಲ್ಯಾಗ್ ಹಾಕಿ ಮುಂದೆ ಹೋಗಿ, ಕೊನೆಗೆ ಮರಳಿ ಬನ್ನಿ.