ಭಾರದ ಪಿಸ್ತೂಲು ಕೊಂಡರೆ ಕೈ ನಡುಗೋದು ನಿಲ್ಲುತ್ತಾ?

ಪುಣೆಯಲ್ಲಿ ಏರ್ ಪಿಸ್ತೂಲ್ (ಗಾಳಿಯ ಒತ್ತಡದಿಂದ ಹೊಡೆಯುವ ಪಿಸ್ತೂಲು) ಶೂಟಿಂಗ್ ಶುರು ಮಾಡಿ ಕೆಲವು ತಿಂಗಳಾಗಿದೆ, 10 ಮೀಟರ್‌ನಲ್ಲಿ ಕೈ ನಡುಗುತ್ತದೆ, ಅದಕ್ಕೆ ಫುಲ್ ಸೈಜಿನ ಭಾರದ ಪಿಸ್ತೂಲು ಕೊಂಡರೆ ಆರಾಮಾಗಿ ಹೊಡೆಯಬಹುದಲ್ವಾ, ಯಾವುದು ಕೊಳ್ಳಲಿ ಅಂತ ಕೇಳಿದ್ದೀರಿ. ಕೊಳ್ಳಬೇಡಿ. ನಾನೂ ಇದೇ ಲೆಕ್ಕ ಹಾಕಿದ್ದೆ. ದುಡ್ಡು ಹೋಯಿತು, ಮೊಣಕೈ ನೋವು ಬಂತು. ಅವೆರಡಕ್ಕಿಂತ ದೊಡ್ಡ ನಷ್ಟ ಟ್ರಿಗರ್ ಒತ್ತುವ ಬೊಟ್ಟಿಗೆ, ಅಂದರೆ ಬೆರಳಿಗೆ, ಹತ್ತಿದ ಚಟ.

ನಾನು ಗೋಕಾಕ ಕಡೆಯವನು, ಕೆಲಸ ಚಾಕಣದಲ್ಲಿ. ವಾಕಡ್ ಹತ್ತಿರದ ಒಂದು ಪುಟ್ಟ ರೇಂಜ್‌ಗೆ ಹೋಗುತ್ತಿದ್ದೆ. ಅಲ್ಲಿಯ ಕ್ಲಬ್ ಪಿಸ್ತೂಲು ಕೈಯಲ್ಲಿ ಹಿಡಿದರೆ ಆಟದ ಸಾಮಾನಿನ ಹಾಗೆ ಹಗುರ, ಫ್ರಂಟ್ ಸೈಟ್ (ಗುರಿ ನೋಡಲು ನಳಿಗೆಯ ತುದಿಯಲ್ಲಿರುವ ಗೂಟ) ಕುಣಿಯುತ್ತಲೇ ಇರುತ್ತಿತ್ತು. ಅಷ್ಟರಲ್ಲಿ ಯಾರೋ ಹಳೆಯ ರಷ್ಯನ್ ಪಿಸ್ತೂಲು ಮಾರುತ್ತಿದ್ದಾರೆ ಅಂತ ಗೊತ್ತಾಯಿತು. ಹತ್ತಿರ ಹತ್ತಿರ 1.3 ಕಿಲೋ ತೂಕ, ಪ್ರತಿ ಸಲ ಲಿವರ್ ಎಳೆದು ಗಾಳಿ ತುಂಬಬೇಕು. ಎತ್ತಿ ನೋಡಿದೆ. ಸೈಟ್ ಗಪ್ಪಂತ ನಿಂತುಬಿಟ್ಟಿತು! ಅಲ್ಲೇ ದುಡ್ಡು ಕೊಟ್ಟೆ. ಸಾಲದ್ದಕ್ಕೆ ನಳಿಗೆಯ ತುದಿಗೆ ಇನ್ನೊಂದು ತೂಕದ ತುಂಡನ್ನೂ ಹಾಕಿಸಿಕೊಂಡೆ.

ಇಲ್ಲೇ ಎಲ್ಲರೂ ಬೀಳೋದು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಿಸ್ತೂಲು ಭಾರವಾದರೆ ಸಣ್ಣ ಸಣ್ಣ ನಡುಕ ನಿಜವಾಗಿಯೂ ಕಡಿಮೆಯಾಗುತ್ತದೆ, ಆದರೆ ಅದರ ಬದಲು ನಿಧಾನವಾದ ದೊಡ್ಡ ಓಲಾಟ ಬರುತ್ತದೆ. ತೋಳು ತಾಜಾ ಇರುವಾಗ ಈ ಓಲಾಟ ಗೊತ್ತೇ ಆಗುವುದಿಲ್ಲ. ಮೊದಲ ಹತ್ತು ಪೆಲೆಟ್ (ಸೀಸದ ಪುಟ್ಟ ಗುಂಡು) ನೋಡಿ ನಾನು ತೀರ್ಮಾನ ಮಾಡಿದೆ, ಮ್ಯಾಚ್ ಇರೋದು 60 ಪೆಲೆಟ್‌ನದು, 75 ನಿಮಿಷ, ಅದಕ್ಕೆ ಮೊದಲು ಸೈಟರ್, ಅಂದರೆ ಲೆಕ್ಕಕ್ಕಿಲ್ಲದ ಅಭ್ಯಾಸದ ಹೊಡೆತ ಬೇರೆ. ಅರ್ಧ ದಾಟಿದ ಮೇಲೆ ಭುಜ ಸೋಲುತ್ತದೆ. ಮೊದಲು ಎಂಟು ಸೆಕೆಂಡ್ ಹಿಡಿಯುತ್ತಿದ್ದ ಹೋಲ್ಡ್ ನಾಲ್ಕಕ್ಕೆ ಇಳಿಯುತ್ತದೆ. ಇಷ್ಟೇ ಹೊತ್ತು ಕೈಯಲ್ಲಿದೆ ಅಂತ ಮನಸ್ಸಿಗೆ ಗೊತ್ತಾದ ಕೂಡಲೇ, ಸೈಟ್ ಟಾರ್ಗೆಟ್ಟಿನ ನಡುವಿನ ಕಪ್ಪು ವೃತ್ತದ ಕೆಳಗೆ ಬಂದಾಗ 'ಈಗ!' ಅಂತ ಬೊಟ್ಟು ಟ್ರಿಗರನ್ನು ಕಿತ್ತುಬಿಡುತ್ತದೆ. ಬಲಗೈಯವರು ಹಾಗೆ ಕಿತ್ತರೆ ಹೊಡೆತ ಹೋಗೋದು ಕೆಳಗೆ ಎಡಕ್ಕೆ. ನನ್ನವೂ ಅಲ್ಲೇ, ಗಡಿಯಾರದ 7 ಗಂಟೆಯ ಕಡೆ, ಗುಂಪಾಗಿ ಬೀಳುತ್ತಿದ್ದವು.

ನಾನೇನು ಮಾಡಿದೆ ಹೇಳಿ? ಸೈಟಿನ ಸ್ಕ್ರೂ ತಿರುಗಿಸಿದೆ. ಮೇಲಕ್ಕೆ ನಾಲ್ಕು ಕ್ಲಿಕ್, ಬಲಕ್ಕೆ ಮೂರು. ಹೊಡೆತ ನಡುವಿಗೆ ಬಂತು, ಖುಷಿಯಾಗಿ ಮನೆಗೆ ಹೋದೆ. ಮಾರನೇ ದಿನ ತೋಳು ತಾಜಾ, ಬೊಟ್ಟು ಸರಿ, ಎಲ್ಲ ಪೆಲೆಟ್ ಮೇಲೆ ಬಲಕ್ಕೆ! ಮತ್ತೆ ವಾಪಸ್ ತಿರುಗಿಸಿದೆ. ಅರ್ಧ ದಾರಿಯಲ್ಲಿ ಮತ್ತೆ ಕೆಳಗೆ ಎಡಕ್ಕೆ. ಹೀಗೆ ತಿರುಗಿಸಿ ತಿರುಗಿಸಿ ಪಿಸ್ತೂಲಿನ ನಿಜವಾದ ಸೆಟ್ಟಿಂಗ್ ಎಲ್ಲಿತ್ತು ಅನ್ನೋದೇ ಮರೆತುಹೋಯಿತು. ಪೆಲೆಟ್ ಸರಿಯಿಲ್ಲ ಅಂತ 4.49 ಮಿಲಿಮೀಟರಿನದು ಬಿಟ್ಟು 4.50ರದು ತಗೊಂಡೆ. ನಳಿಗೆ ಸವೆದಿದೆ ಅಂದುಕೊಂಡೆ. ಬೊಟ್ಟನ್ನು ಮಾತ್ರ ನೋಡಲಿಲ್ಲ.

ನೋಡಿದ್ದು ರೇಂಜ್‌ಗೆ ಬರುತ್ತಿದ್ದ ವಿಜಯಪುರದ ಕಾಕಾ ಒಬ್ಬರು, ಸೇನೆಯಿಂದ ರಿಟೈರ್ ಆದವರು. "ತಮ್ಮಾ, ಆ ಸ್ಕ್ರೂ ತಿರುವೂದು ಸಾಕು, ಇಲ್ಲಿ ಕೊಡು" ಅಂತ ಪಿಸ್ತೂಲು ತಗೊಂಡರು. ನನ್ನನ್ನು ಆ ಕಡೆ ತಿರುಗಿಸಿ ನಿಲ್ಲಿಸಿ, ಒಮ್ಮೆ ಪೆಲೆಟ್ ಹಾಕಿ, ಒಮ್ಮೆ ಹಾಕದೆ ಕೈಗೆ ಕೊಡುತ್ತಾ ಹೋದರು. ನಳಿಗೆ ಟಾರ್ಗೆಟ್ ಕಡೆಗೇ, ಅದರಲ್ಲಿ ಮಾತ್ರ ಅವರು ಬಲು ಕಟ್ಟುನಿಟ್ಟು. ಒಳಗೆ ಪೆಲೆಟ್ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಟ್ರಿಗರ್ ಒತ್ತಿದೆ. ಟಕ್ ಅಂತ ಶಬ್ದ ಬಂತು ಅಷ್ಟೇ, ನಳಿಗೆಯ ಮೂತಿ ಮಾತ್ರ ಕೆಳಗೆ ಎಡಕ್ಕೆ ಎರಡು ಬೆರಳಷ್ಟು ಕುಸಿಯಿತು. ಪೆಲೆಟ್ಟೇ ಇರಲಿಲ್ಲ! "ಇದರಾಗ ಪಿಸ್ತೂಲಿನ ತಪ್ಪು ಏನೈತಿ?" ಅಂದರು.

ಆಮೇಲೆ ಗ್ರಿಪ್, ಅಂದರೆ ಪಿಸ್ತೂಲಿನ ಮರದ ಹಿಡಿ, ತೋರಿಸಿದರು. ಹಿಂದಿನ ಮಾಲೀಕನ ಕೈ ನನಗಿಂತ ದೊಡ್ಡದು. ಅಂಗೈಗೆ ಪೌಡರ್ ಹಚ್ಚಿ ಹಿಡಿಸಿದರು. ಮರದ ಮೇಲೆ ಹೆಬ್ಬೆರಳಿನ ಬುಡದಲ್ಲಿ, ಬೆರಳ ತುದಿಗಳಲ್ಲಿ ಮಾತ್ರ ಬಿಳಿ ಗುರುತು, ಅಂಗೈ ನಡುವೆ ಖಾಲಿ. ಆ ಖಾಲಿ ಜಾಗದಿಂದಾಗಿ 1.3 ಕಿಲೋ ಜಾರದಿರಲಿ ಅಂತ ನಾನು ಹಿಂಡಿ ಹಿಡಿಯುತ್ತಿದ್ದೆ, ಹಿಂಡಿದರೆ ಕೈ ನಡುಗದೆ ಇರುತ್ತದೆಯೇ? ಅಂದರೆ ಯಾವ ನಡುಕಕ್ಕೆ ಮದ್ದು ಅಂತ ಭಾರದ್ದು ತಂದೆನೋ ಅದೇ ನಡುಕವನ್ನು ಭಾರವೇ ಹೆಚ್ಚಿಸುತ್ತಿತ್ತು.

ನಿಮ್ಮ ಪ್ರಶ್ನೆಗೆ ಬರೋಣ. 'ಭಾರ ಇದ್ದರೆ ಆರಾಮ' ಅನ್ನೋದು ನೀವು ಅಮೆರಿಕದ ವಿಡಿಯೋ ನೋಡಿ ಕಲಿತಿದ್ದು ಅಂತ ನನ್ನ ಅನುಮಾನ. ಅಲ್ಲಿ ಅದು ನಿಜವೇ. .45 ಇಂಚಿನ ಗುಂಡು ಹಾರಿಸುವ, 1911 ಅನ್ನೋ ಉಕ್ಕಿನ ಪಿಸ್ತೂಲು ಖಾಲಿಯಿದ್ದಾಗಲೇ 1.1 ಕಿಲೋ ಇರುತ್ತದೆ, ಅದೇ ಗುಂಡನ್ನು ಹಗುರವಾದ ಸಣ್ಣ ಪಿಸ್ತೂಲಿನಲ್ಲಿ ಹೊಡೆದರೆ ಅದು ಜಾಸ್ತಿ ವೇಗವಾಗಿ ಹಿಂದಕ್ಕೆ ಒದೆಯುತ್ತದೆ. ಅವರಿಗೆ ಭಾರ ಬೇಕಾಗಿರೋದು ಈ ಒದೆತ ತಡೆಯಲು, ಹಿಡಿಯೋದೂ ಎರಡು ಕೈಯಲ್ಲಿ. ನೀವು ಹೊಡೆಯೋದು ಅರ್ಧ ಗ್ರಾಂ ತೂಕದ ಪೆಲೆಟ್, ಅದೂ ಒಂದೇ ಕೈಯಲ್ಲಿ. ಒದೆತವೇ ಇಲ್ಲದ ಕಡೆ ಒದೆತ ತಡೆಯೋ ಭಾರ ಯಾಕೆ? ಅಂದಹಾಗೆ 9 ಎಂಎಂ ಗುಂಡಿನ ಪಿಸ್ತೂಲು ನಮ್ಮಲ್ಲಿ ಸಾಮಾನ್ಯ ಜನಕ್ಕೆ ನಿಷಿದ್ಧ, ಆ ಆಸೆ ಇದ್ದರೆ ಈಗಲೇ ಬಿಡಿ.

ರೈಫಲ್ ಭಾರ ಇದ್ದರೂ ನಿಲ್ಲುತ್ತದಲ್ಲ ಅಂತ ಕೇಳಬಹುದು. 10 ಮೀಟರ್ ಏರ್ ರೈಫಲ್‌ಗೆ 5.5 ಕಿಲೋವರೆಗೆ ಅವಕಾಶ ಇದೆ, ಹೌದು. ಆದರೆ ಅದನ್ನು ಹೊರೋದು ದಪ್ಪ ಜಾಕೆಟ್ಟು, ಸೊಂಟದ ಮೂಳೆ, ಎರಡು ಕೈ. ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟು ಎಷ್ಟು ದೂರ ಬೇಕಾದರೂ ನಡೆಯಬಹುದು, ಅದನ್ನೇ ಕೈ ಚಾಚಿ ಹಿಡಿದು ನಿಂತು ನೋಡಿ. ಪಿಸ್ತೂಲಿನವರಿಗೆ ಮಣಿಕಟ್ಟಿಗೆ ಪಟ್ಟಿ ಕಟ್ಟಲೂ ನಿಯಮದಲ್ಲಿ ಅವಕಾಶ ಇಲ್ಲ. ಏರ್ ಪಿಸ್ತೂಲಿಗೆ 1500 ಗ್ರಾಂವರೆಗೆ ಬಿಡುತ್ತಾರೆ, ಆದರೂ ದೊಡ್ಡ ಮಟ್ಟದಲ್ಲಿ ಹೊಡೆಯುವವರು ಬಳಸುವ ಸ್ಟೇಯರ್ ಎಲ್‌ಪಿ10, ಮೊರಿನಿ 162 ಥರದವು ಒಂದು ಕಿಲೋ ಆಸುಪಾಸಿನಲ್ಲೇ ಇವೆ. ನಿಮಗಿಂತ, ನನಗಿಂತ ಗಟ್ಟಿ ಭುಜದವರು ಅವರು. ಭಾರದಿಂದ ಪೂರ್ತಿ 10 ಅಂಕ ಬೀಳುವ ಹಾಗಿದ್ದರೆ ಆ ಅರ್ಧ ಕಿಲೋ ಬಿಡುತ್ತಿದ್ದರಾ? ಇನ್ನೊಂದು ವಿಷಯ, ತೂಕ ಎಲ್ಲಿದೆ ಅನ್ನೋದೂ ಮುಖ್ಯ. ನಳಿಗೆಯ ತುದಿಯ 50 ಗ್ರಾಂ ಮಣಿಕಟ್ಟನ್ನು ಕೆಳಕ್ಕೆ ಎಳೆಯುವಷ್ಟು ಗ್ರಿಪ್ ಹತ್ತಿರದ 50 ಗ್ರಾಂ ಎಳೆಯುವುದಿಲ್ಲ.

ನಾನು ಆ ಪಿಸ್ತೂಲನ್ನು ನಷ್ಟಕ್ಕೇ ಮಾರಿ, ಒಂದು ಕಿಲೋದ, ಗಾಳಿ ತುಂಬಿದ ಸಿಲಿಂಡರ್ ಇರುವ ಪಿಸ್ತೂಲು ತಗೊಂಡೆ. ಮೀಡಿಯಂ ಗ್ರಿಪ್. ಖಾಲಿ ಬಿದ್ದ ಜಾಗಕ್ಕೆ ಎಂ-ಸೀಲ್ ಮೆತ್ತಿ, ಹಸಿಯಿದ್ದಾಗಲೇ ಅಂಗೈ ಒತ್ತಿ, ಒಣಗಿದ ಮೇಲೆ ಅರ ಹಾಕಿ ಉಜ್ಜಿದೆ. ನೋಡಲು ಅಸಹ್ಯ, ಹಿಡಿದರೆ ಸೊಗಸು. ಬೊಟ್ಟಿನ ಚಟ ಮಾತ್ರ ಹಳೆ ಪಿಸ್ತೂಲಿನ ಜೊತೆ ಹೋಗಲಿಲ್ಲ. ಬಿಳಿ ಗೋಡೆಗೆ ಮುಖ ಮಾಡಿ ತಿಂಗಳುಗಟ್ಟಲೆ ಡ್ರೈ ಫೈರಿಂಗ್ (ಪೆಲೆಟ್ ಇಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ) ಮಾಡಿದ್ದೇನೆ, ಸುಸ್ತಾದ ದಿನ ಈಗಲೂ ಒಂದೆರಡು ಕೆಳಗೆ ಎಡಕ್ಕೆ ಹೋಗುತ್ತವೆ.

ಅದಕ್ಕೆ ನನ್ನ ಮಾತು ಕೇಳುವುದಾದರೆ ಸದ್ಯಕ್ಕೆ ಕ್ಲಬ್ ಪಿಸ್ತೂಲಲ್ಲೇ ಹೊಡೆಯಿರಿ. ಸೈಟ್ ನಡುಗಿದರೆ ನಡುಗಲಿ. 10ರ ವೃತ್ತದ ಅಗಲ 11.5 ಮಿಲಿಮೀಟರ್, ಅಷ್ಟರೊಳಗೆ ಯಾರ ಕೈಯೂ ಕಲ್ಲಿನ ಹಾಗೆ ನಿಲ್ಲುವುದಿಲ್ಲ. ನಡುಕದ ಮಧ್ಯೆಯೇ ಮೆಲ್ಲಗೆ ಒತ್ತಲು ಕಲಿಯಬೇಕು. ಕೊಳ್ಳಲೇಬೇಕು ಅನ್ನಿಸಿದಾಗ ತೂಕ ಕೇಳುವ ಮೊದಲು ಗ್ರಿಪ್ ಸೈಜ್ ಕೇಳಿ. ಕಣ್ಣು ಮುಚ್ಚಿ ಪಿಸ್ತೂಲು ಎತ್ತಿ, ಆಮೇಲೆ ಕಣ್ಣು ತೆರೆಯಿರಿ. ಫ್ರಂಟ್ ಸೈಟ್ ಹಿಂದಿನ ರಿಯರ್ ಸೈಟಿನ ಕಚ್ಚಿನ ನಡುವೆ, ಎರಡೂ ಕಡೆ ಸಮ ಬೆಳಕು ಬಿಟ್ಟು ಕೂತಿದ್ದರೆ ಗ್ರಿಪ್ ನಿಮ್ಮದು. ಪ್ರತಿ ಸಲ ಒಂದೇ ಕಡೆ ವಾಲಿದರೆ ಗ್ರಿಪ್ ಸರಿ ಮಾಡಿಸಬೇಕು. ಈ ಪರೀಕ್ಷೆಯನ್ನು ತೋಳು ದಣಿದ ಮೇಲೆ, ನಲವತ್ತು ಸಲ ಎತ್ತಿಳಿಸಿದ ನಂತರ ಮಾಡಿ, ಮಾರುವವರು ಬೇಜಾರಾದರೆ ಆಗಲಿ. ಸೆಕೆಂಡ್ ಹ್ಯಾಂಡ್ ಆದರೆ ಸಿಲಿಂಡರ್ ಮೇಲಿನ ತಾರೀಖು ನೋಡಿ. 200 ಬಾರ್ ಗಾಳಿ ತುಂಬೋ ಸಾಮಾನು ಅದು, ಅವಧಿ ಮುಗಿದಿದ್ದರೆ ಮ್ಯಾಚ್‌ನಲ್ಲಿ ಬಿಡುವುದಿಲ್ಲ, ಹೊಸ ಸಿಲಿಂಡರಿನ ಖರ್ಚು ನಿಮ್ಮ ತಲೆ ಮೇಲೆ. .177 ಇಂಚು ನಳಿಗೆಯ ಏರ್ ಪಿಸ್ತೂಲಿನ ಹೊಡೆತದ ಶಕ್ತಿ 20 ಜೂಲ್ ಒಳಗಿದ್ದರೆ ಲೈಸೆನ್ಸ್ ಬೇಕಿಲ್ಲ, ಮ್ಯಾಚ್ ಪಿಸ್ತೂಲುಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ರಸೀದಿ ಬ್ಯಾಗಿನಲ್ಲೇ ಇರಲಿ, ಮೆಟ್ರೋ ಸ್ಟೇಷನ್ನಿನಲ್ಲಿ ಬ್ಯಾಗ್ ತೆರೆಸಿದರೆ ಎಲ್ಲ ವಿವರಿಸುತ್ತಾ ನಿಲ್ಲಬೇಕಾಗುತ್ತದೆ.

ನೀವು ಎಡಗೈಯವರೋ ಬಲಗೈಯವರೋ ಬರೆದಿಲ್ಲ. ಎಡಗೈ ಆದರೆ ಸೆಕೆಂಡ್ ಹ್ಯಾಂಡ್ ಹುಡುಕುವಾಗ ಎಡಗೈ ಗ್ರಿಪ್ ಮೊದಲು ಸಿಗುತ್ತದಾ ವಿಚಾರಿಸಿ, ಪಿಸ್ತೂಲಿಗೆ ಅಡ್ವಾನ್ಸ್ ಆಮೇಲೆ ಕೊಡಿ.