ಪಾಯದ ಗುಂಡಿ ಮುಚ್ಚುವ ಮೊದಲು

ಮಾನ್ಯರೇ,

ಅಣು ವಿದ್ಯುತ್ ಸ್ಥಾವರಗಳಿಗೆ ಜಾಗ ಆರಿಸುವ ಬಗೆಗೆ ನಾವು ಪ್ರಕಟಿಸಿದ ಲೇಖನ ಓದಿ ನೀವು ಬರೆದ ಪತ್ರ ತಲುಪಿದೆ. “ಪಾಯ ತೋಡುವಾಗ ಸ್ತರಭಂಗ ಕಾಣಿಸಿಕೊಳ್ಳುವುದು ಅಪರೂಪವೇನಲ್ಲ” ಎಂಬ ಒಂದು ವಾಕ್ಯ ನಿಮ್ಮನ್ನು ಕೆರಳಿಸಿದೆ. ಇಷ್ಟು ದೊಡ್ಡ ವಿಷಯವನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಬಹುದೇ ಎಂದು ಕೇಳಿದ್ದೀರಿ. ಜೊತೆಗೆ ಮೂರು ಪ್ರಶ್ನೆ ಇಟ್ಟಿದ್ದೀರಿ: ಸ್ತರಭಂಗ ಸಿಕ್ಕ ಮೇಲೆ ಕೆಲಸ ಅಲ್ಲಿಗೇ ನಿಲ್ಲಬೇಕಲ್ಲವೇ? ಅದು ಲಕ್ಷಾಂತರ ವರ್ಷಗಳಿಂದ ಅಲುಗಿಲ್ಲ ಎಂದು ಹೇಳಲು ಯಾರಿಂದ ಸಾಧ್ಯ? ಕಂಪನಿಯೇ ದುಡ್ಡು ಕೊಟ್ಟು ಕರೆಸಿದ ಭೂವಿಜ್ಞಾನಿ ಬರೆದ ವರದಿಯನ್ನು ಜನ ಯಾಕೆ ನಂಬಬೇಕು? ನನ್ನ ಮಟ್ಟಿಗೆ ಮೂರನೆಯದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಆದರೆ ಮೊದಲ ಎರಡನ್ನು ದಾಟದೆ ಅಲ್ಲಿಗೆ ಹೋಗಲಾಗದು.

ಬಂಡೆ ಬಿರಿದು, ಬಿರುಕಿನ ಒಂದು ಬದಿ ಇನ್ನೊಂದು ಬದಿಯ ಪಕ್ಕದಲ್ಲಿ ಜಾರಿದ್ದರೆ ಅದು ಸ್ತರಭಂಗ. ಜಾರಿದ್ದು ಒಂದೆರಡು ಮಿಲಿಮೀಟರ್ ಇರಬಹುದು, ನೂರಾರು ಕಿಲೋಮೀಟರ್ ಇರಬಹುದು. ಕಳೆದ ಶತಮಾನದಲ್ಲಿ ಜಾರಿರಬಹುದು, ಡೈನೋಸಾರ್‌ಗಳು ಹುಟ್ಟುವ ಮೊದಲೇ ಜಾರಿ ಸುಮ್ಮನಾಗಿರಬಹುದು. ಹಳೆಯ ಗಟ್ಟಿ ಬಂಡೆಯಲ್ಲಿ ರಿಯಾಕ್ಟರ್ ಕಟ್ಟಡದಷ್ಟು ಅಗಲಕ್ಕೆ ಪಾಯ ತೋಡಿದರೆ ಇಂಥ ಒಂದಾದರೂ ಗೆರೆ ಕಣ್ಣಿಗೆ ಬೀಳುವ ಸಂಭವವೇ ಹೆಚ್ಚು. ಸಿಕ್ಕಿದ ಜಾಗದಲ್ಲಿ ಕಾಂಕ್ರೀಟ್ ಕೆಲಸ ನಿಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯೋಜನೆಯನ್ನೇ ಕೈಬಿಡಬೇಕೇ ಎಂಬುದು ಆ ಗೆರೆ ಕೊನೆಯ ಸಲ ಯಾವಾಗ ಸರಿಯಿತು ಎಂಬುದರ ಮೇಲೆ ನಿಂತಿದೆ.

ಎಲ್ಲಿಯವರೆಗೆ ಹಿಂದಕ್ಕೆ ನೋಡಬೇಕೆಂದು ದೇಶಗಳು ಬೇರೆ ಬೇರೆ ಗಡಿ ಹಾಕಿಕೊಂಡಿವೆ. ಅಮೆರಿಕದಲ್ಲಿ 1973ರಲ್ಲಿ ಬಂದ ನಿಯಮದ ಪ್ರಕಾರ, ಕಳೆದ 35,000 ವರ್ಷಗಳಲ್ಲಿ ಒಮ್ಮೆಯಾದರೂ ನೆಲದ ಮೇಲ್ಮೈಯಲ್ಲಿ ಅಥವಾ ಅದರ ಸಮೀಪ ಸರಿದಿದ್ದರೆ, ಇಲ್ಲವೇ 5 ಲಕ್ಷ ವರ್ಷಗಳಲ್ಲಿ ಮತ್ತೆ ಮತ್ತೆ ಸರಿದಿದ್ದರೆ, ಆ ಸ್ತರಭಂಗ ಮುಂದೆಯೂ ಸರಿಯಬಲ್ಲದು ಎಂದೇ ಲೆಕ್ಕ. ಜಪಾನ್ ಸುಮಾರು 1.2ರಿಂದ 1.3 ಲಕ್ಷ ವರ್ಷ ಹಿಂದಕ್ಕೆ ನೋಡುತ್ತದೆ; ಅಷ್ಟರಲ್ಲಿ ಸಾಕ್ಷ್ಯ ಸ್ಪಷ್ಟವಾಗದಿದ್ದರೆ 4 ಲಕ್ಷ ವರ್ಷದವರೆಗೂ ಹೋಗಬೇಕು. ರಿಯಾಕ್ಟರ್‌ನಂಥ ಮುಖ್ಯ ಕಟ್ಟಡದ ಅಡಿಯಲ್ಲೇ ಆ ಅವಧಿಯಲ್ಲಿ ಸರಿದ, ಅಂದರೆ ‘ಸಕ್ರಿಯ’ ಸ್ತರಭಂಗವಿದ್ದರೆ ಅಲ್ಲಿ ಸ್ಥಾವರ ನಡೆಸಲು ಅನುಮತಿ ಇಲ್ಲ.

ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಭೂಕಂಪದಲ್ಲಿ ಅಪಾಯ ಎರಡು ಬಗೆಯದು. ಒಂದು ಅದುರಾಟ. ಉಕ್ಕು, ಕಾಂಕ್ರೀಟು, ಆಧಾರಗಳ ಲೆಕ್ಕ ಸರಿಯಾಗಿದ್ದರೆ ಕಟ್ಟಡ ಅದನ್ನು ತಾಳಿಕೊಳ್ಳುವಂತೆ ಕಟ್ಟಬಹುದು. ಇನ್ನೊಂದು ಅಡಿಪಾಯವೇ ಸೀಳುವುದು. ಕಟ್ಟಡದ ಒಂದು ಭಾಗ ಅರ್ಧ ಮೀಟರ್ ಮೇಲೆದ್ದು ಇನ್ನೊಂದು ಭಾಗ ಇದ್ದಲ್ಲೇ ಉಳಿದರೆ, ಎರಡಕ್ಕೂ ಸೇರಿದ ತಣಿಸುವ ನೀರಿನ ಕೊಳವೆ ಏನಾಗುತ್ತದೆ ಎಂದು ಯೋಚಿಸಿ. ಎಂಜಿನಿಯರುಗಳು ಇದನ್ನು ಎದುರಿಸುವ ಬದಲು ದೂರ ಸರಿಯುವುದೇ ಮೇಲು ಎನ್ನುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಕ್ಯಾಲಿಫೋರ್ನಿಯಾ ಕರಾವಳಿಯ ಬೊಡೆಗಾ ಹೆಡ್‌ನಲ್ಲಿ ಎದ್ದ ಪ್ರಶ್ನೆ ಇದೇ. ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಪಕ್ಕದಲ್ಲೇ ರಿಯಾಕ್ಟರ್‌ಗೆಂದು ತೋಡಿದ ಬಾವಿಯಂಥ ಗುಂಡಿಯಲ್ಲಿ 1963ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಒಂದು ಸ್ತರಭಂಗ ಕಂಡರು. ಅದು ತಳದ ಬಂಡೆಯಲ್ಲಷ್ಟೇ ಇರದೆ ಅದರ ಮೇಲೆ ಕೂತ ಎಳೆಯ ಮಣ್ಣಿನ ಪದರಗಳನ್ನೂ ಕತ್ತರಿಸಿತ್ತು. ನೆಲ ಸರಿದರೂ ಕಟ್ಟಡ ಉಳಿಯುವಂಥ ವಿಶೇಷ ವಿನ್ಯಾಸ ಮಾಡುತ್ತೇವೆಂದು ಕಂಪನಿ ಮುಂದೆ ಬಂತು. ಅದಕ್ಕೆ ಅನುಭವದ ಆಧಾರವಿಲ್ಲವೆಂದು ನಿಯಂತ್ರಣ ಸಿಬ್ಬಂದಿ ಒಪ್ಪಲಿಲ್ಲ. 1964ರ ಅಕ್ಟೋಬರ್‌ನಲ್ಲಿ ಕಂಪನಿ ಅರ್ಜಿ ಹಿಂಪಡೆಯಿತು. ಗುಂಡಿಯಲ್ಲಿ ಈಗ ನೀರು ನಿಂತಿದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಸ್ತರಭಂಗದ ವಯಸ್ಸನ್ನು ನೇರವಾಗಿ ಓದುವುದು ಕಷ್ಟ. ಅದು ಯಾವುದನ್ನು ಕತ್ತರಿಸಿದೆ, ಯಾವುದನ್ನು ಕತ್ತರಿಸಿಲ್ಲ ಎಂದು ನೋಡುತ್ತಾರೆ. ಗೋಡೆಯ ಬಿರುಕಿನ ಮೇಲೆ ಬಳಿದ ಗಾರೆ ಇನ್ನೂ ಸೀಳದೆ ಇದ್ದರೆ, ಗಾರೆ ಬಳಿದ ದಿನದಿಂದ ಗೋಡೆ ಅಲುಗಿಲ್ಲ ಎಂದಾಯಿತು. ನೆಲದಲ್ಲಿ ಗಾರೆಯ ಜಾಗದಲ್ಲಿ ಹೊಳೆ ತಂದು ಹಾಕಿದ ಮೆಕ್ಕಲು, ಹಳೆಯ ಕಡಲ ದಂಡೆಯ ಮರಳು ಅಥವಾ ಜ್ವಾಲಾಮುಖಿಯ ಬೂದಿ ಇರುತ್ತದೆ. ಆ ಪದರದ ವಯಸ್ಸು ತಿಳಿದರೆ ಸ್ತರಭಂಗ ಕನಿಷ್ಠ ಎಷ್ಟು ಕಾಲದಿಂದ ಸುಮ್ಮನಿದೆ ಎಂಬುದೂ ತಿಳಿಯುತ್ತದೆ. ಇದ್ದಿಲ ಚೂರು ಸಿಕ್ಕರೆ ರೇಡಿಯೋಕಾರ್ಬನ್ ವಿಧಾನ ಸುಮಾರು 50,000 ವರ್ಷದವರೆಗೆ ಕೈಹಿಡಿಯುತ್ತದೆ. ಅದಕ್ಕೂ ಹಳೆಯದಾದರೆ ಮರಳಿನ ಹರಳು ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ಅಳೆಯುವ ವಿಧಾನವಿದೆ. ಜಪಾನಿನಲ್ಲಿ ಬೂದಿಯ ಪದರಗಳೇ ಪಂಚಾಂಗದ ಕೆಲಸ ಮಾಡುತ್ತವೆ. ದಕ್ಷಿಣದ ಐರಾ ಜ್ವಾಲಾಮುಖಿ ಸುಮಾರು 30,000 ವರ್ಷದ ಹಿಂದೆ ಉಗುಳಿದ ಬೂದಿ ಆ ದೇಶದ ಬಹುಭಾಗದಲ್ಲಿ ಸಿಗುತ್ತದೆ.

ಗುಂಡಿಯಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬಂಡೆ ಸಿಡಿಸಿ ಯಂತ್ರಗಳು ಸರಿದ ಮೇಲೆ, ಪಾಯದ ತಳ ಮತ್ತು ಬದಿಗಳನ್ನು ನೀರಿನ ರಭಸಕ್ಕೆ, ಗಾಳಿಯ ರಭಸಕ್ಕೆ ಒಡ್ಡಿ ತೊಳೆಯುತ್ತಾರೆ. ಸಂದುಗಳನ್ನು ಕುಂಚದಿಂದ ಗುಡಿಸುತ್ತಾರೆ. ದಾರ ಕಟ್ಟಿ ಚೌಕ ಚೌಕ ಮಾಡಿ, ಒಂದೊಂದು ಚೌಕದಲ್ಲೂ ಕಂಡ ಬಿರುಕು, ಬಣ್ಣ, ಪದರಗಳನ್ನೆಲ್ಲ ಕಾಗದಕ್ಕಿಳಿಸುತ್ತಾರೆ. ಸ್ತರಭಂಗ ಅಲ್ಲಿ ಸಿನಿಮಾದಲ್ಲಿ ತೋರಿಸುವ ಕಂದರದ ಹಾಗೆ ಬಾಯಿ ಬಿಟ್ಟಿರುವುದಿಲ್ಲ. ಎಷ್ಟೋ ಸಲ ಬೆರಳಗಲದ ಒಂದು ಹಸಿರು ಅಥವಾ ಬೂದು ಪಟ್ಟಿ ಅಷ್ಟೇ. ಉಗುರಿನಿಂದ ಕೆರೆದರೆ ಜೇಡಿಯಂತೆ ಬರುತ್ತದೆ; ಎರಡು ಬಂಡೆ ಉಜ್ಜಿ ಅರೆದ ಪುಡಿ ಅದು. ಪಕ್ಕದ ಕಲ್ಲಿನ ಮೈ ಪಾಲಿಶ್ ಮಾಡಿದಂತೆ ನುಣ್ಣಗಿದ್ದು, ಅದರ ಮೇಲೆ ಗೀರುಗಳಿರುತ್ತವೆ. ಬಂಡೆ ಜಾರಿದ ದಿಕ್ಕನ್ನು ಆ ಗೀರುಗಳೇ ಹೇಳುತ್ತವೆ. ದಿಕ್ಸೂಚಿ ಇಟ್ಟು ಅದರ ದಿಕ್ಕು, ಇಳಿಜಾರು ಅಳೆದು, ಮಾದರಿ ಕಿತ್ತು ಚೀಲಕ್ಕೆ ಹಾಕಿ ಸಂಖ್ಯೆ ಬರೆಯುತ್ತಾರೆ. ಆ ಗೆರೆ ಗುಂಡಿಯಾಚೆಗೆ ಎಲ್ಲಿಗೆ ಹೋಗುತ್ತದೆಂದು ಹುಡುಕಲು ಕಂದಕ ತೋಡುತ್ತಾರೆ, ಬೋರ್ ಕೊರೆದು ಬಂಡೆಯ ಉರುಳೆಗಳನ್ನು ಮೇಲೆತ್ತುತ್ತಾರೆ.

ಇದಕ್ಕೆಲ್ಲ ಸಮಯ ಸಿಗುವುದು ಗುಂಡಿ ತೆರೆದಿರುವಷ್ಟು ದಿನ ಮಾತ್ರ. ಪಾಯ ತೋಡುವಾಗ ಮೊದಲು ಹೋಗುವುದೇ ಮೇಲಿನ ಸಡಿಲ ಮಣ್ಣು, ಅಂದರೆ ವಯಸ್ಸು ಹೇಳಬಲ್ಲ ಪದರ. ಆಮೇಲೆ ಕಾಂಕ್ರೀಟ್ ಬಿದ್ದರೆ ಬಂಡೆಯೂ ಮುಚ್ಚಿಹೋಗುತ್ತದೆ. ಜಪಾನಿನ ಶಿಕಾ ಸ್ಥಾವರದಲ್ಲಿ ಹೀಗೇ ಆಯಿತು. ಕಟ್ಟುವ ಮುಂಚೆ ತೋಡಿದ್ದ ಕಂದಕದ ಹಳೆಯ ನಕ್ಷೆಯೊಂದನ್ನು 2012ರಲ್ಲಿ ತಜ್ಞರು ನೋಡಿ, ಇದು ಸಕ್ರಿಯ ಸ್ತರಭಂಗದಂತೆ ಕಾಣುತ್ತದೆ ಎಂದರು. ಹೋಗಿ ಪರೀಕ್ಷಿಸೋಣವೆಂದರೆ ಕಂದಕವೇ ಉಳಿದಿರಲಿಲ್ಲ. ಅದು ಸಕ್ರಿಯವಲ್ಲ ಎನ್ನಲಾಗದು ಎಂದು 2016ರಲ್ಲಿ ತಜ್ಞರ ತಂಡ ತೀರ್ಮಾನಿಸಿತು. ಕಂಪನಿ ಆಮೇಲೆ ಬಂಡೆಯೊಳಗಿನ ಸಾಕ್ಷ್ಯ ಹುಡುಕಿತು: ಜಾರಿದ ಮೈಯನ್ನು ಅಡ್ಡಲಾಗಿ ದಾಟಿ ಬೆಳೆದ ಖನಿಜದ ಎಳೆಗಳು ಮುರಿಯದೆ ಹಾಗೇ ಇದ್ದವು. ಎಳೆ ಬೆಳೆದ ಮೇಲೆ ಬಂಡೆ ಜಾರಿದ್ದರೆ ಅದು ತುಂಡಾಗಿರಬೇಕಿತ್ತು. ಆ ಸಾಕ್ಷ್ಯವನ್ನು ನಿಯಂತ್ರಣ ಪ್ರಾಧಿಕಾರ 2023ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು. ಒಂದು ಕಂದಕ ಕಳೆದುಹೋದದ್ದಕ್ಕೆ ಹತ್ತು ವರ್ಷಗಳ ಅನುಮಾನವೇ ದಂಡವಾಯಿತು.

ಇನ್ನು ನಂಬಿಕೆಯ ಪ್ರಶ್ನೆ. ಕಂಪನಿಯ ಭೂವಿಜ್ಞಾನಿ ಎಂಬ ಕಾರಣಕ್ಕೇ ಅವರ ಮಾತನ್ನು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಗುಂಡಿಗೆ ಇಳಿದು ಕೈ ಕೆಸರು ಮಾಡಿಕೊಳ್ಳುವವರು ಅವರೇ. ಆದರೆ ಅವರು ಕಂಡದ್ದು ಅದೇ ರೂಪದಲ್ಲಿ, ತಡವಿಲ್ಲದೆ ಬೇರೆಯವರ ಕಣ್ಣಿಗೂ ಬೀಳಬೇಕು. ಬೀಳದಿದ್ದಾಗ ಏನಾಗುತ್ತದೆ ಎಂಬುದಕ್ಕೆ ಎರಡು ದಾಖಲೆಗಳಿವೆ.

ಅಮೆರಿಕದ ವರ್ಜೀನಿಯಾದ ನಾರ್ತ್ ಆನಾ ಸ್ಥಾವರದ ಪಾಯದಲ್ಲಿ ಸ್ತರಭಂಗದ ಗುರುತು 1970ರಲ್ಲೇ ಕಂಡಿತ್ತು. ಸಾರ್ವಜನಿಕರಿಗೆ ತಿಳಿದದ್ದು 1973ರಲ್ಲಿ, ಕಟ್ಟಡಗಳು ಮೇಲೆದ್ದಾದ ಮೇಲೆ. ಪರೀಕ್ಷೆಯಲ್ಲಿ ಅದು ಬಹಳ ಹಳೆಯದು, ಮತ್ತೆ ಸರಿಯುವಂಥದಲ್ಲ ಎಂದು ತೀರ್ಮಾನವಾಯಿತು; ಸ್ಥಾವರ ನಡೆಯಿತು. ಆದರೂ ಸುಳ್ಳು ಹೇಳಿಕೆಗಾಗಿ ಕಂಪನಿಗೆ 60,000 ಡಾಲರ್ ದಂಡ ಬಿತ್ತು, ಆಮೇಲೆ ಅದು 32,500 ಡಾಲರಿಗೆ ಇಳಿಯಿತು. ಮುಖ್ಯವಾದ ವಿಷಯವನ್ನು ಹೇಳದೆ ಬಿಡುವುದೂ ಸುಳ್ಳು ಹೇಳಿಕೆಯೇ ಎಂಬ ನಿಲುವನ್ನು 1978ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಈ ತೀರ್ಪಿನ ಮೇಲೆ ನನಗೆ ಬಹಳ ಗೌರವವಿದೆ. ಸ್ತರಭಂಗ ನಿರಪಾಯಕಾರಿ ಎಂದು ಕೊನೆಗೆ ಗೊತ್ತಾದ ಮಾತ್ರಕ್ಕೆ ಮುಚ್ಚಿಟ್ಟ ತಪ್ಪು ಮನ್ನಾ ಆಗಲಿಲ್ಲ.

ಅದೇ ಸ್ಥಾವರದಿಂದ ಸುಮಾರು 18 ಕಿಲೋಮೀಟರ್ ದೂರದಲ್ಲಿ 2011ರ ಆಗಸ್ಟ್ 23ರಂದು 5.8 ತೀವ್ರತೆಯ ಭೂಕಂಪವಾಯಿತು. ಅದುರಾಟ ವಿನ್ಯಾಸದ ಮಿತಿಯನ್ನೂ ದಾಟಿತು. ಬಳಸಿದ ಇಂಧನ ತುಂಬಿಟ್ಟಿದ್ದ, ಒಂದೊಂದೂ ನೂರು ಟನ್ನಿಗಿಂತ ಹೆಚ್ಚು ತೂಗುವ ಪೀಪಾಯಿಗಳು ನಿಂತಲ್ಲೇ ಕೆಲವು ಇಂಚು ಸರಿದವು. ರಿಯಾಕ್ಟರುಗಳು ಸುರಕ್ಷಿತವಾಗಿ ನಿಂತವು. ತಪಾಸಣೆ ಮುಗಿಸಿ ನವೆಂಬರಿನಲ್ಲಿ ಮತ್ತೆ ಚಾಲೂ ಆದವು. ಆ ದಿನ ಅಲುಗಿದ್ದು ಪಾಯದಡಿಯ ಸ್ತರಭಂಗವಲ್ಲ. ಅಲ್ಲಿಯವರೆಗೆ ಯಾರ ನಕ್ಷೆಯಲ್ಲೂ ಇರದಿದ್ದ ಬೇರೊಂದು. ಪಾಯದ ಗುಂಡಿ ಎಷ್ಟೇ ಚೆನ್ನಾಗಿ ಓದಿದರೂ ಸುತ್ತಲಿನ ನೆಲವನ್ನು ಓದದೆ ಇರಲಾಗದು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮಾರ್ಗಸೂಚಿ ಸುಮಾರು 300 ಕಿಲೋಮೀಟರ್ ತ್ರಿಜ್ಯದ ವಲಯದಿಂದ ಶುರುಮಾಡಿ, 25, 5 ಎಂದು ಕಿರಿದಾಗಿಸುತ್ತಾ ಸ್ಥಾವರದ ಅಂಗಳಕ್ಕೆ ಬರಬೇಕೆಂದು ಹೇಳುವುದು ಇದಕ್ಕೇ.

ಎರಡನೆಯ ದಾಖಲೆ ಜಪಾನಿನ ತ್ಸುರುಗಾ. ಅಲ್ಲಿನ 2ನೇ ರಿಯಾಕ್ಟರ್ 1987ರಿಂದ ವಿದ್ಯುತ್ ಕೊಡುತ್ತಿತ್ತು. ಉರಸೊಕೊ ಎಂಬ ಸಕ್ರಿಯ ಸ್ತರಭಂಗ ಅದರಿಂದ ಮುನ್ನೂರು ಮೀಟರ್ ದೂರವೂ ಇಲ್ಲ. ಅದರ ಕವಲು ರಿಯಾಕ್ಟರಿನ ಅಡಿಗೂ ಬಂದಿದೆಯೇ ಎಂಬುದೇ ವಿವಾದ. ಬೋರ್ ಕೊರೆದು ತೆಗೆದ ಉರುಳೆಗಳ ವಿವರಣೆಯಲ್ಲಿ ಮೊದಲು ‘ಗಟ್ಟಿಯಾಗದ ಜೇಡಿ’ ಎಂದಿದ್ದ ಕಡೆ ಆಮೇಲಿನ ಪ್ರತಿಯಲ್ಲಿ ‘ಗಟ್ಟಿಯಾದ ಜೇಡಿ’ ಎಂದು ತಿದ್ದಿದ್ದು 2020ರಲ್ಲಿ ಬಯಲಾಯಿತು. ಮೆತ್ತಗಿನ ಜೇಡಿ ಈಚಿನ ಚಲನೆಯ ಅನುಮಾನ ಹುಟ್ಟಿಸುತ್ತದೆ, ಗಟ್ಟಿಯಾದದ್ದು ಹಳೆಯದೆಂಬ ವಾದಕ್ಕೆ ಬಲ ಕೊಡುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದ ಫಲಿತಾಂಶ ಸೇರಿಸಿದೆವು ಎಂಬುದು ಕಂಪನಿಯ ವಿವರಣೆ. ಸೇರಿಸಬಹುದಿತ್ತು, ಪಕ್ಕದಲ್ಲಿ ದಿನಾಂಕ ಹಾಕಿ. ಬರಿಗಣ್ಣಿಗೆ ಕಂಡದ್ದನ್ನು ಅಳಿಸಿ ಅದರ ಜಾಗದಲ್ಲಿ ಬರೆದರೆ ಮುಂದಿನವರಿಗೆ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. ಪರಿಶೀಲನೆ ನಿಂತು, ಮತ್ತೆ ಶುರುವಾಗಿ, 2024ರ ನವೆಂಬರಿನಲ್ಲಿ ಪ್ರಾಧಿಕಾರ ಮರುಚಾಲನೆಗೆ ಒಪ್ಪಿಗೆ ನಿರಾಕರಿಸಿತು. ಫುಕುಶಿಮಾ ನಂತರದ ನಿಯಮಗಳಡಿ ಹಾಗೆ ತಿರಸ್ಕೃತವಾದ ಮೊದಲ ರಿಯಾಕ್ಟರ್ ಅದು. ಅಡಿಯಲ್ಲಿ ಸಕ್ರಿಯ ಸ್ತರಭಂಗ ಇದ್ದೇ ಇದೆ ಎಂದು ಸಾಬೀತಾಗಿ ಅಲ್ಲ, ಇರಬಹುದೆಂಬ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂಬ ಕಾರಣಕ್ಕೆ. ಸಾಬೀತುಮಾಡುವ ಹೊಣೆ ಸ್ಥಾವರ ನಡೆಸುವವರ ಮೇಲಿರಬೇಕು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ.

ಕ್ಯಾಲಿಫೋರ್ನಿಯಾದ ಡಯಾಬ್ಲೊ ಕ್ಯಾನ್ಯನ್ ಸ್ಥಾವರದ ಬಗ್ಗೆಯೂ ಕೇಳಿದ್ದಿರಿ. ಅಲ್ಲಿ ಕೆಲಸ 1968ರಲ್ಲಿ ಶುರುವಾಯಿತು. ತೈಲ ಹುಡುಕುತ್ತಿದ್ದ ಹಾಸ್ಕಿನ್ಸ್ ಮತ್ತು ಗ್ರಿಫಿತ್ಸ್ ಎಂಬ ಭೂವಿಜ್ಞಾನಿಗಳು ತೀರದಾಚೆ ಕಡಲಡಿಯಲ್ಲಿ ದೊಡ್ಡ ಸ್ತರಭಂಗವಿದೆ ಎಂದು 1971ರಲ್ಲಿ ಪ್ರಕಟಿಸಿದರು. ಅವರಿಬ್ಬರ ಹೆಸರಿನಿಂದಲೇ ಅದು ಹಾಸ್ಗ್ರಿ. ಸ್ಥಾವರದಿಂದ ಸುಮಾರು 5 ಕಿಲೋಮೀಟರ್. ಅಲ್ಲಿನ ಭಯ ಅದುರಾಟದ್ದು, ಆದ್ದರಿಂದ 7.5 ತೀವ್ರತೆಯ ಕಂಪನಕ್ಕೆ ಎಲ್ಲವನ್ನೂ ಹೊಸದಾಗಿ ಬಲಪಡಿಸಿದರು. ಆ ಕೆಲಸದಲ್ಲಿ ಒಂದು ರಿಯಾಕ್ಟರಿನ ನಕ್ಷೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬಳಸಿದ್ದಾರೆಂದು 1981ರಲ್ಲಿ ಕಂಪನಿಯ ಎಂಜಿನಿಯರೊಬ್ಬರೇ ಕಂಡುಹಿಡಿದರು, ಪರವಾನಗಿ ಅಮಾನತಾಯಿತು. ವಾಣಿಜ್ಯ ಉತ್ಪಾದನೆ ಶುರುವಾಗಲು 1985 ಬಂತು.

ಇಂಥ ವರದಿಯನ್ನು ಸಾಮಾನ್ಯ ಓದುಗ ಓದಬಲ್ಲನೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಖಂಡಿತ ಓದಬಹುದು. ಅಮೆರಿಕದ ಈಚಿನ ಪರವಾನಗಿಗಳಲ್ಲಿ ಪಾಯದ ಗುಂಡಿಯ ಭೂವೈಜ್ಞಾನಿಕ ನಕ್ಷೆ ಮಾಡಬೇಕು, ಗುಂಡಿ ತೆರೆದಿರುವಾಗಲೇ ನಿಯಂತ್ರಕರಿಗೆ ತಿಳಿಸಬೇಕು ಎಂಬ ಷರತ್ತು ಇರುತ್ತದೆ. ಎಲ್ಲಿಯದೇ ಸ್ಥಾವರವಾಗಲಿ, ಸಾರ್ವಜನಿಕ ವಿಚಾರಣೆಯಲ್ಲಿ ಮೊದಲು ಕೇಳಬೇಕಾದದ್ದು ಆ ನಕ್ಷೆಯನ್ನೇ. ಅದರಲ್ಲಿ ಸ್ತರಭಂಗದ ಗೆರೆ ಗುಂಡಿಯ ಅಂಚಿನಲ್ಲೇ ನಿಂತಿದ್ದರೆ, ಆಚೆಗೆ ಹುಡುಕಿದ್ದಾರೆಯೇ ಎಂದು ನೋಡಿ. ವಯಸ್ಸು ಹೇಳಿರುವಲ್ಲಿ ಮಾದರಿ ತೆಗೆದ ಜಾಗ, ಪದರ, ಪ್ರಯೋಗಾಲಯದ ಹೆಸರು ಇವೆಯೇ ನೋಡಿ. ‘ಇಷ್ಟು ಸಾವಿರ ವರ್ಷ ಹೆಚ್ಚು ಅಥವಾ ಕಡಿಮೆ’ ಎಂಬ ಅಂತರ ಬರೆಯದೆ ಒಂದೇ ಅಂಕಿ ಕೊಟ್ಟಿದ್ದರೆ ಕಾರಣ ಕೇಳಿ. ಆ ಮೇಲೆ ಪಾಯಕ್ಕೆ ಮೊದಲ ಕಾಂಕ್ರೀಟ್ ಸುರಿದ ದಿನಾಂಕವನ್ನೂ, ನಿಯಂತ್ರಕರು ಗುಂಡಿಗಿಳಿದು ನೋಡಿದ ದಿನಾಂಕವನ್ನೂ ಅಕ್ಕಪಕ್ಕ ಇಟ್ಟು ಯಾವುದು ಮೊದಲು ಬಂತೆಂದು ನೋಡಿ.

ವಿಶ್ವಾಸಿ,
ಸಂಪಾದಕ